ಮಗಳು ಬೇರೆ ರಾಜ್ಯಕ್ಕೆ ಹೋದರೆ ಕೌನ್ಸೆಲಿಂಗ್ ನಿಲ್ಲಿಸಬೇಕಾ?

ನಾನು ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಮಾನಸಿಕ ಆರೋಗ್ಯದ ಕೌನ್ಸೆಲರ್. ಇಲ್ಲಿನ ಕನ್ನಡದ ಮನೆಯವರು ಆಗಾಗ ಕೇಳುತ್ತಾರೆ: "ಮಗಳು ಓದೋಕೆ ಅರಿಜೋನಾಗೆ ಹೋಗ್ತಿದ್ದಾಳೆ. ಹೇಗಿದ್ರೂ ವಿಡಿಯೋದಲ್ಲೇ ಮಾತಾಡೋದು. ನೀವೇ ಮುಂದುವರಿಸಬಹುದಲ್ವಾ ಮೇಡಂ?"

ಮೊದಲಾಗಿದ್ದರೆ ಅಲ್ಲಿನ ಲೈಸೆನ್ಸನ್ನೂ ಬೇರೆಯಾಗಿ ತೆಗೆದುಕೊಳ್ಳಬೇಕಿತ್ತು. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಮಾತಾಡುವ ಹೊತ್ತಿಗೆ ಮಗಳು ಯಾವ ರಾಜ್ಯದಲ್ಲಿದ್ದಾಳೋ ಅಲ್ಲಿನ ಕಾನೂನೇ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಪ್ರತಿ ಸಲ ವಿಡಿಯೋ ಶುರುವಾದ ಕೂಡಲೇ "ಈಗ ಎಲ್ಲಿದ್ದೀಯಮ್ಮಾ?" ಅಂತ ಕೇಳಿ ವಿಳಾಸ ಬರೆದುಕೊಳ್ಳುತ್ತೇನೆ. ಜೀವಕ್ಕೆ ಅಪಾಯ ಅನ್ನಿಸಿದರೆ ಸಹಾಯ ಕಳಿಸಬೇಕಾದದ್ದು ಆ ಊರಿಗೆ ತಾನೇ?

ಈಗ ಕೌನ್ಸೆಲಿಂಗ್ ಕಾಂಪ್ಯಾಕ್ಟ್ ಬಂದಿದೆ. ಇದು ರಾಜ್ಯಗಳ ನಡುವಿನ ಒಪ್ಪಂದ: ಸೇರಿದ ಒಂದು ರಾಜ್ಯದ ಲೈಸೆನ್ಸ್ ಇರುವ ಕೌನ್ಸೆಲರ್, ಸೇರಿದ ಇನ್ನೊಂದು ರಾಜ್ಯದಲ್ಲಿ ಹೊಸ ಲೈಸೆನ್ಸ್ ಬದಲು ಅನುಮತಿ ಪಡೆದು ಕೆಲಸ ಮಾಡಬಹುದು. 2021ರಲ್ಲಿ ಜಾರ್ಜಿಯಾ, ಮೇರಿಲ್ಯಾಂಡ್ ಮೊದಲು ಸೇರಿದವು. 10 ರಾಜ್ಯಗಳು ಸೇರಿದ ಮೇಲೆ, 2022ರಲ್ಲಿ, ಜಾರಿಗೆ ಬಂತು. ಆದರೆ ಅರ್ಜಿ ಹಾಕುವ ವ್ಯವಸ್ಥೆ ಸಿದ್ಧವಾಗಲು ಮತ್ತೆ ಮೂರು ವರ್ಷ ಹಿಡಿಯಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮೊದಲು ಬಾಗಿಲು ತೆರೆದದ್ದು ಅರಿಜೋನಾ ಮತ್ತು ನಮ್ಮ ಮಿನ್ನೆಸೋಟಾ. ಹಾಗಾಗಿ ಆ ಮಗಳ ವಿಷಯದಲ್ಲಿ ನನ್ನ ಉತ್ತರ: ಹೌದು, ಅರಿಜೋನಾದ ಅನುಮತಿ ಸಿಕ್ಕಿದ ಮೇಲೆ.

ಇಲ್ಲೇ ಜಾಸ್ತಿ ಜನ ತಪ್ಪು ತಿಳಿಯುವುದು. ಇದು ದೇಶಕ್ಕೆಲ್ಲ ಒಂದೇ ಲೈಸೆನ್ಸ್ ಅಲ್ಲ. ನರ್ಸ್‌ಗಳ ಒಪ್ಪಂದದಲ್ಲಿ ಒಂದೇ ಲೈಸೆನ್ಸ್ ಹಲವು ರಾಜ್ಯಗಳಲ್ಲಿ ನಡೆಯುತ್ತದೆ. ನಮ್ಮದರಲ್ಲಿ ಒಂದೊಂದು ರಾಜ್ಯಕ್ಕೂ ಬೇರೆ ಅನುಮತಿ, ಬೇರೆ ಶುಲ್ಕ. ಕೆಲವು ಕಡೆ ಅಲ್ಲಿನ ಕಾನೂನಿನ ಪರೀಕ್ಷೆಯನ್ನೂ ಬರೆಯಬೇಕು. ನಾನು ಇದನ್ನು ಬರೆಯುವ ಹೊತ್ತಿಗೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಸೇರಿಲ್ಲ. ನಮ್ಮವರು ಅಷ್ಟೊಂದು ಜನ ಇರುವ ಜಾಗಗಳು! ಸೈಕಾಲಜಿಸ್ಟ್‌ಗಳಿಗೆ ಬೇರೆಯದೇ ಒಪ್ಪಂದ ಇದೆ.

ಇದೆಲ್ಲ ಬರೀ ಕಾಗದದ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ. ಅಮ್ಮನ ಮೇಲಿನ ಸಿಟ್ಟನ್ನು ಕನ್ನಡದಲ್ಲೇ ಹೇಳಿಕೊಳ್ಳಬೇಕು ಅನ್ನುವ ಹುಡುಗಿಗೆ ಹೊಸ ಊರಲ್ಲಿ ಕನ್ನಡದ ಕೌನ್ಸೆಲರ್ ಸುಲಭವಾಗಿ ಸಿಗುವುದಿಲ್ಲ. ಯಾರೋ ಹೊಸಬರ ಮುಂದೆ ಎಲ್ಲವನ್ನೂ ಮೊದಲಿಂದ ಹೇಳುವುದು ಬೇಡ ಅಂತ ಸುಮ್ನೆ ಬಿಟ್ಟುಬಿಡುವವರೂ ಇದ್ದಾರೆ. ನನಗೆ ಹೆಚ್ಚು ಚಿಂತೆ ಅವರದ್ದೇ.

ಅದಕ್ಕೇ ಮಕ್ಕಳು ಹೊರಡುವ ಮೊದಲೇ ಕೌನ್ಸೆಲರ್ ಹತ್ತಿರ ಮಾತಾಡಿ. ಆ ರಾಜ್ಯದಲ್ಲಿ ಅವರಿಗೆ ಅನುಮತಿ ಇದೆಯಾ ಅಂತ ನೇರವಾಗಿ ಕೇಳಿ. ಇಲ್ಲದಿದ್ದರೆ ಅಲ್ಲಿನ ಒಬ್ಬರನ್ನು ಹುಡುಕಿಕೊಡಲು ಹೇಳಿ, ಮಕ್ಕಳು ಇನ್ನೂ ಇಲ್ಲಿರುವಾಗಲೇ.