ಐಂಡ್‌ಹೋವನ್‌ನ ಕೆಂಪು ಬಲೂನುಗಳು

ಐಂಡ್‌ಹೋವನ್‌ನಲ್ಲಿ ಪ್ರತಿ ಅಕ್ಟೋಬರ್‌ಗೆ ಡಚ್ ಡಿಸೈನ್ ವೀಕ್ ಅಂತ ಒಂದು ಜಾತ್ರೆ. ಒಂಬತ್ತು ದಿನ ಊರ ತುಂಬಾ ಕುರ್ಚಿ, ದೀಪ, ಯಾರೂ ಉಡದಂಥ ಬಟ್ಟೆ. 2018ರಲ್ಲಿ ನಾವು ನೆದರ್ಲೆಂಡ್ಸ್‌ಗೆ ಬಂದ ಹೊಸತು. ಮಳೆ ಬಂತೆಂದು ಒಂದು ಕಟ್ಟಡದೊಳಗೆ ನುಗ್ಗಿದವಳು ಅಲ್ಲೇ ನಿಂತುಬಿಟ್ಟೆ. ಮೇಲಿಂದ ದೊಡ್ಡ ದೊಡ್ಡ ಕೆಂಪು ಬಲೂನುಗಳು ಇಳಿಬಿದ್ದಿದ್ದವು, ಕೊಳವೆಗಳ ಸಮೇತ. ಕೃತಕ ಗರ್ಭವಂತೆ! ಲೀಸಾ ಮಾಂಡೆಮಾಕರ್ ಎಂಬ ಡಿಸೈನರ್, ನೆಕ್ಸ್ಟ್ ನೇಚರ್ ತಂಡ ಮತ್ತು ಪಕ್ಕದ ವೆಲ್ಡ್‌ಹೋವನ್‌ನ ಮಾಕ್ಸಿಮಾ ಆಸ್ಪತ್ರೆ ಸೇರಿ ಮಾಡಿದ್ದು.

ವೆಲ್ಡ್‌ಹೋವನ್ ಅಂದರೆ ನಮ್ಮವರಿಗೆ ಎಎಸ್‌ಎಂಎಲ್, ಚಿಪ್ ತಯಾರಿಸುವ ಯಂತ್ರ ಕಟ್ಟುವ ಕಂಪನಿ. ಚಿಪ್ ಯಂತ್ರದ ಊರಲ್ಲಿ ಕೂಸಿನ ಯಂತ್ರವೂ!

ಬಲೂನಿನೊಳಗೆ ಏನೂ ಬೆಳೆಯುತ್ತಿರಲಿಲ್ಲ, ಸುಮ್ನೆ ಜನ ಮಾತಾಡಲಿ ಅಂತ ನೇತುಹಾಕಿದ್ದು. ಆದರೆ ಹಿಂದಿನ ವರ್ಷವೇ ಫಿಲಡೆಲ್ಫಿಯಾದ ವೈದ್ಯರು, ದಿನ ತುಂಬದ ಕುರಿಮರಿಗಳನ್ನು ದ್ರವದ ಚೀಲದಲ್ಲಿ ನಾಲ್ಕು ವಾರದವರೆಗೆ ಬೆಳೆಸಿ ತೋರಿಸಿದ್ದರು. ಇಲ್ಲಿಯವರ ಆಸೆಯೂ ಅದೇ. 24 ವಾರಕ್ಕೇ ಹುಟ್ಟಿದ ಕೂಸಿನ ಎಳೆ ಶ್ವಾಸಕೋಶಕ್ಕೆ ಗಾಳಿ ತುಂಬುವ ಬದಲು, ನೀರಲ್ಲೇ ಇಟ್ಟು ಹೊಕ್ಕುಳಬಳ್ಳಿಯಿಂದ ಆಮ್ಲಜನಕ ಕೊಡುವುದು. 2019ರಲ್ಲಿ ಈ ಕೆಲಸಕ್ಕೆ ಐರೋಪ್ಯ ಒಕ್ಕೂಟದಿಂದ 29 ಲಕ್ಷ ಯೂರೋ ಬಂತು.

ಮಜಾ ಅಂದರೆ, ಸೂಲಗಿತ್ತಿಯನ್ನು ಕರೆಸಿ ಮನೆಯಲ್ಲೇ ಹೆರುವವರು ಇಲ್ಲಿ ಇವತ್ತಿಗೂ ಇದ್ದಾರೆ. ಹೆತ್ತ ಮೇಲೆ ಒಂದು ವಾರ ನರ್ಸ್ ಮನೆಗೇ ಬಂದು ಬಾಣಂತಿಯನ್ನು ನೋಡಿಕೊಳ್ಳುತ್ತಾರೆ. ಅದೇ ಜನ ಹೊಟ್ಟೆಯನ್ನು ಚಾವಣಿಗೆ ನೇತುಹಾಕಿದ್ದಾರೆ.

ನನಗೆ ಅಷ್ಟು ಹೊತ್ತು ನಿಲ್ಲಲು ಬೇರೆ ಕಾರಣವಿತ್ತು. ಬೆಂಗಳೂರಲ್ಲಿ ಎರಡು ಸಲ ಐವಿಎಫ್ ಆಗಿ, ಎರಡೂ ಕೈಕೊಟ್ಟಿದ್ದವು. ಇಂಜೆಕ್ಷನ್ ಡಬ್ಬಿಯನ್ನು ಫ್ರಿಜ್‌ನಲ್ಲಿ ಕೊತ್ತಂಬರಿ ಸೊಪ್ಪಿನ ಹಿಂದೆ ಬಚ್ಚಿಡುತ್ತಿದ್ದೆ. ಅತ್ತೆಗೆ ಹೇಳಿದ್ದು ಗ್ಯಾಸ್ಟ್ರಿಕ್ ಡಾಕ್ಟರ್ ಅಂತ. ಕ್ಲಿನಿಕ್‌ನಲ್ಲಿ ಗುರುತಿನವರು ಕಂಡರೆ ಇಬ್ಬರೂ ಪೇಪರ್ ಓದೋರೇ. ಇಲ್ಲಿ ಮೊದಲ ಮೂರು ಸಲದ ಖರ್ಚು ಮೂಲ ವಿಮೆಯಲ್ಲೇ ಬರುತ್ತದೆ. ಆಫೀಸಿನ ಕಾಫಿ ಹೊತ್ತಲ್ಲಿ ಒಬ್ಬಳು, 'ನಾಳೆ ಬರಲ್ಲ, ಎಂಬ್ರಿಯೊ ಹಾಕ್ತಾರೆ' ಅಂದಳು, ಹಲ್ಲು ಕೀಳಿಸೋಕೆ ಹೋಗೋಳ ಹಾಗೆ. ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು.

ಬಲೂನು ಚೆಂದವೇ. ಆದರೆ ಒಂದು ಕೊರತೆ ಕಂಡಿತು: ಪಕ್ಕದಲ್ಲಿ ಒಂದು ಕುರ್ಚಿ ಇರಲಿಲ್ಲ. ಅಷ್ಟು ತಿಂಗಳು ಅಮ್ಮ ಎಲ್ಲಿ ಕೂತಿರಬೇಕು? ಕಾಯುವುದೇ ಅಲ್ವಾ ಇದರಲ್ಲಿ ಜಾಸ್ತಿ? ಊರ ತುಂಬಾ ಡಿಸೈನರ್ ಕುರ್ಚಿಗಳು ಬೇರೆ.

ಫೋಟೋ ತೆಗೆದು ಅಮ್ಮನಿಗೆ ವಾಟ್ಸಾಪ್ ಮಾಡಿದೆ. ತಕ್ಷಣ ಉತ್ತರ ಬಂತು: 'ಡೆಕೊರೇಷನ್ ಚೆನ್ನಾಗಿದೆ. ಯಾರ ಬರ್ತ್‌ಡೇ?'

ಏನೋ ಟೈಪ್ ಮಾಡಿದೆ, ಅಳಿಸಿದೆ. ಆಮೇಲೆ ಫೋನೇ ಮಾಡಿದೆ.