ಗುಡ್ಡದ ತುಂಬ ಫ್ಯಾನ್ ತಿರುಗುತ್ತವೆ, ನಮ್ಮೂರಲ್ಲಿ ಕರೆಂಟ್ ಯಾಕೆ ಹೋಗುತ್ತೆ?

ಚಿತ್ರದುರ್ಗದಲ್ಲಿ 22 ವರ್ಷ ಸಬ್‌ಸ್ಟೇಷನ್ ಪಾಳಿ ಮಾಡಿದವನು ನಾನು. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ಯಾರಾದರೊಬ್ಬರು ಜೋಗಿಮಟ್ಟಿ ಗುಡ್ಡದ ಕಡೆ ಕೈ ತೋರಿಸಿ ಕೇಳುತ್ತಾರೆ: "ಅಣ್ಣಾ, ಗುಡ್ಡದ ತುಂಬ ಫ್ಯಾನ್ ತಿರುಗ್ತಾವೆ, ಆದ್ರೂ ನಮ್ಮೂರಾಗೆ ಕರೆಂಟ್ ಯಾಕ್ ಹೋಗುತ್ತೆ?" ನ್ಯಾಯವಾದ ಪ್ರಶ್ನೆ. ಗಾಳಿಗೆ ಗುಡ್ಡ ಬಿಟ್ಟುಕೊಟ್ಟವರು ನಾವು, ಕತ್ತಲಲ್ಲಿ ಕೂರುವವರೂ ನಾವೇ.

ಮೊದಲು ದಾರಿಯ ಮಾತು. ಫ್ಯಾನಿನಲ್ಲಿ, ಅಂದರೆ ಗಾಳಿಯಂತ್ರದಲ್ಲಿ, ಹುಟ್ಟುವ ಕರೆಂಟ್ ಸಾಮಾನ್ಯವಾಗಿ 690 ವೋಲ್ಟ್. ಅದನ್ನು ಅಲ್ಲೇ 33 ಸಾವಿರ ವೋಲ್ಟಿಗೆ ಏರಿಸಿ ದೊಡ್ಡ ಸ್ಟೇಷನ್ನಿಗೆ ಒಯ್ದು ರಾಜ್ಯದ ವಿದ್ಯುತ್ ಜಾಲಕ್ಕೆ (ಗ್ರಿಡ್ಡಿಗೆ) ಸೇರಿಸುತ್ತಾರೆ. ಊರಿಗೆ ಬರುವುದು ಬೇರೆ ಲೈನು, 11 ಸಾವಿರ ವೋಲ್ಟಿನದು. ಟಿಸಿಯಲ್ಲಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ, ಇಳಿದು ಮನೆಗೆ ಬರುತ್ತದೆ. ಕೆರೆ ಏರಿಯ ಪಕ್ಕದಲ್ಲೇ ಮನೆಯಿದ್ದರೂ ನಲ್ಲಿ ನೀರು ಟ್ಯಾಂಕಿನಿಂದಲೇ ಬರಬೇಕಲ್ಲ, ಹಾಗೆ. ಆಷಾಢದಲ್ಲಿ ಕರೆಂಟ್ ಹೋಯಿತೆಂದರೆ ಬಹಳ ಸಲ ತೊಂದರೆ ಇರುವುದು ಈ ಕೊನೆಯ ಲೈನಿನಲ್ಲಿ. ಬೇವಿನ ಕೊಂಬೆ ತಾಗಿರುತ್ತದೆ, ತಂತಿಗೆ ತಂತಿ ಜೋಡಿಸುವ ಜಂಪರ್ ಸುಟ್ಟಿರುತ್ತದೆ. ಫ್ಯಾನ್ ತಿರುಗಿಸುವ ಗಾಳಿಯೇ ನಮ್ಮ ತಂತಿಗಳನ್ನೂ ಒಂದಕ್ಕೊಂದು ಬಡಿಸುತ್ತದೆ.

ಆದರೆ ಇಷ್ಟೇ ಹೇಳಿ ಕೈತೊಳೆದುಕೊಳ್ಳಲಾರೆ. ನಮ್ಮ ಸ್ಟೇಷನ್ನಿನ ಗೋಡೆಯ ಮೇಲೆ ಒಂದು ಮೀಟರ್ ಇತ್ತು. ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ (ಫ್ರೀಕ್ವೆನ್ಸಿ) ಅಂತ ಅಳೆಯುವುದು ಅದು, 50.00 ಅಂತ ತೋರಿಸಬೇಕು. ದೇಶದ ಬಳಕೆ ಒಂದಿಷ್ಟು ಮೇಲಾದರೆ 49.92, ಉತ್ಪಾದನೆ ಮೇಲಾದರೆ 50.04. ರಾತ್ರಿ ಪಾಳಿಯಲ್ಲಿ ಚಹಾ ಲೋಟ ಕೈಲಿ ಹಿಡಿದು ಆ ಕೊನೆಯ ಎರಡು ಅಂಕಿಗಳನ್ನೇ ನೋಡುತ್ತ ಕೂತಿದ್ದೇನೆ. ಎಷ್ಟು ಬೇಕೋ ಅಷ್ಟೇ, ಬೇಕಾದ ಆ ಕ್ಷಣದಲ್ಲೇ ಹುಟ್ಟಬೇಕು. ಹಿಂದೆ ಬಳಕೆ ಏರಿದರೆ ಶರಾವತಿಯಲ್ಲಿ ಇನ್ನೊಂದು ಯಂತ್ರಕ್ಕೆ ನೀರು ಬಿಡುತ್ತಿದ್ದರು, ರಾಯಚೂರಿನಲ್ಲಿ ಕಲ್ಲಿದ್ದಲು ಹೆಚ್ಚು ಉರಿಸುತ್ತಿದ್ದರು. ಗಾಳಿ ಬಿಸಿಲು ನಾವು ಕರೆದಾಗ ಬರುವುದಿಲ್ಲ. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರೊಳಗಿನ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪಕ್ಕದ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿನದು. ಹೊತ್ತು ಮುಳುಗಿದರೆ ಅಷ್ಟೂ ಸೊನ್ನೆ, ಮನೆಮನೆಯಲ್ಲಿ ದೀಪ ಹತ್ತುವುದು ಅದೇ ಹೊತ್ತಿಗೆ. ಆಗ ಆಸರೆಯಾಗುವುದು 1,035 ಮೆಗಾವ್ಯಾಟಿನ ಶರಾವತಿ, ಅದು ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ತಣ್ಣಗಾದ ಕಲ್ಲಿದ್ದಲು ಬಾಯ್ಲರಿಗೆ ಮತ್ತೆ ಕಾಯಲು ಗಂಟೆಗಟ್ಟಲೆ ಬೇಕು. 2023ರ ಹಾಗೆ ಮಳೆ ಕೈಕೊಟ್ಟರೆ ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರನ್ನೂ ಎಣಿಸಿ ಎಣಿಸಿ ಬಿಡಬೇಕು.

ಅದಕ್ಕೇ ನನ್ನ ಉತ್ತರ: ಫ್ಯಾನ್ ನೆಟ್ಟಷ್ಟೂ ಕರೆಂಟ್ ಬಂದುಬಿಡುವುದಿಲ್ಲ, ಜಾಲವೂ ನಮ್ಮ ಬಳಕೆಯ ಹೊತ್ತೂ ಬದಲಾಗಬೇಕು. ಈ ಬದಲಾವಣೆ ನಮ್ಮ ತೋಟಗಳಲ್ಲಿ ಶುರುವಾಗಿದೆ, ಯಾರೂ ಅದಕ್ಕೆ ದೊಡ್ಡ ಹೆಸರಿಟ್ಟಿಲ್ಲ ಅಷ್ಟೆ.

ಮೊದಲು ಪಂಪ್‌ಸೆಟ್ಟಿಗೆ ತ್ರೀ ಫೇಸ್ (ಮೋಟರ್ ಓಡಿಸುವ ಮೂರು ತಂತಿಯ ಕರೆಂಟ್) ಬಹಳ ಕಡೆ ಬರುತ್ತಿದ್ದದ್ದು ನಡುರಾತ್ರಿ. ಹೊಳಲ್ಕೆರೆ ಕಡೆಯ ನಮ್ಮ ಮಾವನ ಅಡಿಕೆ ತೋಟದಲ್ಲಿ ನಾನೇ ಕಂಡಿದ್ದೇನೆ: ರಾತ್ರಿ ಎರಡಕ್ಕೆ ಬ್ಯಾಟರಿ ಹಿಡಿದು, ಹಾವಿನ ಭಯಕ್ಕೆ ಕಾಲು ಬಡಿಯುತ್ತ ಬಾವಿಮನೆಗೆ ಹೋಗಿ ಸ್ಟಾರ್ಟರ್‌ನ ಹಸಿರು ಗುಂಡಿ ಒತ್ತುತ್ತಿದ್ದರು. ಒದ್ದೆ ಕೈ, ತುಕ್ಕು ಹಿಡಿದ ಡಬ್ಬಿ. ಈಗ ಬಿಸಿಲಿನ ಕರೆಂಟ್ ಹಗಲಲ್ಲಿ ಹೇರಳವಾದ ಮೇಲೆ ಸ್ಟೇಷನ್ನಿನಿಂದ ಹೊರಡುವ ಅನೇಕ ಫೀಡರ್ ಲೈನ್‌ಗಳಿಗೆ ಹಗಲಲ್ಲೇ ತ್ರೀ ಫೇಸ್ ಕೊಡುತ್ತಾರೆ. ಈಗ ಮಾವ ಬೆಳಿಗ್ಗೆ ರೊಟ್ಟಿ ತಿಂದು ತೋಟಕ್ಕೆ ಹೋಗುತ್ತಾರೆ, ಡ್ರಿಪ್ ಪೈಪಿನ ತೂತು ಕಟ್ಟಿಕೊಂಡಿದ್ದರೆ ಕಣ್ಣಿಗೆ ಕಾಣುತ್ತದೆ. ಮಧ್ಯಾಹ್ನದ ಬಿಸಿಲು ಅಡಿಕೆ ಬುಡದಲ್ಲಿ ನೀರಾಗಿ ಇಳಿಯಿತು, ರಾತ್ರಿಯ ಹೊರೆ ಅಷ್ಟು ಕಡಿಮೆಯಾಯಿತು. ಇದಕ್ಕಿಂತ ಅಗ್ಗದ ಬ್ಯಾಟರಿ ನಾನು ಕಂಡಿಲ್ಲ.

ಇನ್ನೊಂದು ಅನುಕೂಲ ನಮ್ಮ ಸೀಮೆಯ ಹವೆಯಲ್ಲೇ ಇದೆ. ಬಿಸಿಲು ಶಿವರಾತ್ರಿಯಿಂದಾಚೆಗೆ ಉರಿಯುತ್ತದೆ; ಮೋಡ ಮುಚ್ಚುವ ಆಷಾಢ ಶ್ರಾವಣದಲ್ಲಿ ಗಾಳಿ ಬೀಸುತ್ತದೆ, ರಾತ್ರಿಯೂ. ಒಂದರ ಕೊರತೆಯನ್ನು ಇನ್ನೊಂದು ಬಹುಮಟ್ಟಿಗೆ ತುಂಬುತ್ತದೆ. ಮಿಕ್ಕಿದ್ದನ್ನು ದೂರಕ್ಕೆ ಸಾಗಿಸಲು ದೊಡ್ಡ ಲೈನು ಬೇಕು. ರಾಯಚೂರು-ಸೊಲ್ಲಾಪುರ ಲೈನಿನಿಂದ ದಕ್ಷಿಣದ ಜಾಲ ದೇಶದ ಜಾಲಕ್ಕೆ ಕೂಡಿಕೊಂಡದ್ದು 2013ರ ಡಿಸೆಂಬರ್ 31ರಂದು. ಲೈನು ತುಂಬಿದ್ದರೆ, ಕೊಳ್ಳುವವರು ಕಡಿಮೆಯಿದ್ದರೆ, ಒಳ್ಳೇ ಗಾಳಿಯಲ್ಲೂ ಫ್ಯಾನ್ ನಿಲ್ಲಿಸಬೇಕಾಗುತ್ತದೆ. ನಿಂತ ಫ್ಯಾನೆಲ್ಲ ಕೆಟ್ಟದ್ದಲ್ಲ.

ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತಿದೆ: ಹಗಲು ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಸಂಜೆ ಗೇರುಸೊಪ್ಪೆಗೆ ಬಿಡುವುದು. ಲೆಕ್ಕ ಸರಿಯೇ. ಆದರೆ ಆ ಕಾಡಿಗೆ ಕೈ ಹಾಕುವ ಮೊದಲು ಉಳಿದ ಪಂಪ್‌ಸೆಟ್ಟುಗಳೆಲ್ಲ ಹಗಲಿಗೆ ಬರಲಿ, ಸ್ಟೇಷನ್ನುಗಳಲ್ಲಿ ಬ್ಯಾಟರಿ ಕೂರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ನಿಮ್ಮೂರಿನ ಕರೆಂಟು. ಜ್ಯೇಷ್ಠ ಮುಗಿಯುವುದರೊಳಗೆ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ಕೆಲಸ ಕೇಳಿ: 11 ಸಾವಿರ ವೋಲ್ಟಿನ ಲೈನಿಗೆ ತಾಗುವ ಕೊಂಬೆ ಕಡಿಸುವುದು, ಹೊರೆ ಹೆಚ್ಚಾದ ಟಿಸಿ ಬದಲಾಯಿಸುವುದು. ಕೊಂಬೆಗೆ ನೀವೇ ಕೊಡಲಿ ಹಾಕಬೇಡಿ. ಲೈನ್‌ಮನ್ ಬಂದು, ಲೈನ್ ಬಂದ್ ಮಾಡಿಸಿ, ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಹಾಕಿದ ಮೇಲೇ ಕಡಿಯಲಿ.