ಅಣ್ಣನ ಟ್ರಂಕು ತೆರೆದ ಭಾನುವಾರ

ನಮ್ಮ ಜಾದೂ ಕ್ಲಬ್ಬಿನ ತಿಂಗಳ ಮೀಟಿಂಗ್ ಇರೋದು ಭಾನುವಾರ ಮಧ್ಯಾಹ್ನ, ಮುಂಬಯಿಯ ದಾದರ್‌ನ ಒಂದು ಶಾಲೆಯ ಹಾಲ್‌ನಲ್ಲಿ. ಭಾನುವಾರ ಅಂದ್ರೆ ಸೆಂಟ್ರಲ್ ಲೈನಿನವ್ರಿಗೆ ಮೆಗಾ ಬ್ಲಾಕ್ ಇದ್ದದ್ದೇ, ರಿಪೇರಿ ಅಂತ ಲೋಕಲ್ ಟ್ರೈನು ನಿಲ್ಲಿಸಿರ್ತಾರೆ, ಡೊಂಬಿವಲಿ ಕಲ್ಯಾಣ ಕಡೆಯವ್ರು ಬಂದು ಮುಟ್ಟೋ ತನಕ ಚಾ, ಬಟಾಟಾವಡಾ ನಡೀತಾ ಇರ್ತದೆ, ಯಾರೋ ಒಬ್ರು ಇಸ್ಪೀಟ್ ಕಟ್ಟು ಹಿಡ್ಕೊಂಡು ಮೂಲೇಲಿ ಬೆರಳು ಪಳಗಿಸ್ತಾ ಕೂತಿರ್ತಾರೆ. ಆದ್ರೆ ಕಳೆದ ಮಳೆಗಾಲದ ಆ ಒಂದು ಭಾನುವಾರ ಮಾತ್ರ ಎಲ್ರೂ ಟೈಮಿಗೆ ಮೊದ್ಲೇ ಬಂದು ಕೂತಿದ್ರು. ಅವತ್ತು, ತೀರಿಹೋದ ನಮ್ಮ ಹಿರಿಯ ಜಾದೂಗಾರ ಅಣ್ಣನ ಕೋಲು ಮುರಿಯೋದಿತ್ತು.

ಇದು ಹೊರಗಿನವ್ರಿಗೆ ಗೊತ್ತಿರೋದಿಲ್ಲ. ಜಾದೂಗಾರ ತೀರಿಹೋದ್ರೆ ಅವನ ಮಂತ್ರದಂಡವನ್ನ ಎಲ್ಲರ ಎದುರಿಗೆ ಮುರೀತಾರೆ, ಹಿಡಿಯೋ ಕೈ ಇಲ್ಲದ ಮೇಲೆ ಅದು ಬರೀ ಕಟ್ಟಿಗೆ ಅಂತ. ಮೊದಲು ಮಾಡಿದ್ದು 1926ರಲ್ಲಿ ಅಮೆರಿಕದ ಹೆಸರಾಂತ ಜಾದೂಗಾರ ಹೂಡಿನಿ ಸತ್ತಾಗ, ನ್ಯೂಯಾರ್ಕ್‌ನಲ್ಲಿ. ಅಲ್ಲಿಯ ಜಾದೂಗಾರರ ಸೊಸೈಟಿ 1902ರಲ್ಲಿ ಹುಟ್ಟಿದ್ದು ಜಾದೂ ಸಾಮಾನು ಮಾರೋ ಒಂದು ಅಂಗಡಿಯ ಹಿಂದಿನ ಕೋಣೇಲಿ, ಹೂಡಿನಿ ಸಾಯೋವಾಗ ಅದ್ರ ಅಧ್ಯಕ್ಷ. ಲಂಡನ್ನಿನ ಜಾದೂಗಾರರ ಕ್ಲಬ್ಬು ಮ್ಯಾಜಿಕ್ ಸರ್ಕಲ್ ಶುರುವಾದದ್ದು 1905ರಲ್ಲಿ, ಅದೂ ಒಂದು ರೆಸ್ಟೋರೆಂಟ್‌ನಲ್ಲಿ ಊಟಕ್ಕೆ ಸೇರಿದವ್ರಿಂದ. ಈ ಸಂಗತಿ ಅಣ್ಣನಿಗೆ ಭಾರೀ ಇಷ್ಟ, "ನೋಡು ಮಾರಾಯ, ಅವ್ರದ್ದೂ ಹೋಟೆಲಿನಲ್ಲೇ ಹುಟ್ಟಿದ್ದು" ಅಂತ ಹೊಸಬ್ರು ಯಾರೇ ಬಂದ್ರೂ ಹೇಳೋರು.

ಯಾಕಂದ್ರೆ ಅಣ್ಣ ಹೋಟೆಲಿನವ್ರು. ಕುಂದಾಪುರದ ಕಡೆಯಿಂದ ಸಣ್ಣ ಹುಡುಗ ಇರೋವಾಗ್ಲೇ ಬಂದು ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ತಟ್ಟೆ ಲೋಟ ತೊಳ್ದು, ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಹೋಗಿ ಎಸ್ಸೆಸ್ಸಿ ಮುಗ್ಸಿ, ಕಡೆಗೆ ಗಲ್ಲೆಯಲ್ಲಿ ಕೂತವ್ರು. ಕ್ಲಬ್ಬಿನ ಮರಾಠಿ ಗುಜರಾತಿ ಮಂದಿಗೂ ಅವ್ರು ಅಣ್ಣಾನೇ, ಹೆಸರು ಹಿಡಿದು ಕರೆದವ್ರನ್ನ ನಾನು ಕಂಡಿಲ್ಲ. ನಂಗೆ ಮೊದ್ಲು ರುಮಾಲು ಮಾಯ ಮಾಡ್ಲಿಕ್ಕೆ ಕಲ್ಸಿದ್ದೂ ಅವ್ರೇ, ಕರ್ನಾಟಕ ಸಂಘದ ಒಂದು ಮಕ್ಕಳ ಕಾರ್ಯಕ್ರಮದಲ್ಲಿ ಶೋ ಮುಗ್ಸಿ ಸ್ಟೇಜಿನ ಹಿಂದೆ ಸಾಮಾನು ಕಟ್ತಾ ಇದ್ದಾಗ ನಾನು ಬಿಡದೆ ಬೆನ್ನು ಹತ್ತಿದ್ದೆ.

ಕೋಲು ಮುರಿಯೋ ಕೆಲಸ ಐದು ನಿಮಿಷದಲ್ಲಿ ಮುಗೀತು. ಅಧ್ಯಕ್ಷರು ಎರಡು ಮಾತಾಡಿದ್ರು, ಎಲ್ರೂ ಎದ್ದು ನಿಂತ್ವಿ. ಆಮೇಲೆ ಅಣ್ಣನ ಮಗಳು, ನಾನು ಅಕ್ಕ ಅಂತೇನೆ, ಟ್ಯಾಕ್ಸಿಯಲ್ಲಿ ತಂದಿದ್ದ ಕಬ್ಬಿಣದ ಟ್ರಂಕನ್ನ ನನ್ನ ಎದುರಿಗೆ ಸರಿಸಿದ್ರು. "ಇದ್ರಲ್ಲಿ ಎಂತ ಉಂಟು ನಂಗೆ ಗೊತ್ತಿಲ್ಲ ತಮ್ಮಾ, ಅಪ್ಪ ಯಾರಿಗೂ ಮುಟ್ಲಿಕ್ಕೆ ಬಿಡ್ತಿರ್ಲಿಲ್ಲ. ನೀನೇ ತೆಗಿ."

ಮೇಲೆ ಕಪ್ಪು ಕೋಟು, ಜರಿ ಪೇಟ. ಬಂಗಾಳದ ಹೆಸರಾಂತ ಜಾದೂಗಾರ ಪಿ. ಸಿ. ಸರ್ಕಾರ್, ಮಹಾರಾಜನ ಹಾಗೆ ಡ್ರೆಸ್ ಮಾಡ್ಕೊಂಡು ಸ್ಟೇಜಿಗೆ ಬರೋಕೆ ಶುರು ಮಾಡಿದ್ಮೇಲೆ ನಮ್ಮ ದೇಶದ ಎಷ್ಟೋ ಜಾದೂಗಾರ್ರ ತಲೆಗೆ ಪೇಟ ಬಂತು. ಸರ್ಕಾರ್ ಅಂದ್ರೆ ಅಣ್ಣನಿಗೆ ಪ್ರಾಣ. 1956ರಲ್ಲಿ ಬಿಬಿಸಿ ಟೀವಿಯಲ್ಲಿ ಸರ್ಕಾರ್ ಒಬ್ಬ ಹುಡುಗೀನ ಗರಗಸದಲ್ಲಿ ಕೊಯ್ದು, ಅವ್ಳು ಇನ್ನೂ ಏಳೋ ಮೊದ್ಲೇ ಪ್ರೋಗ್ರಾಮ್ ಟೈಮ್ ಮುಗ್ದು ಕಟ್ ಆಯ್ತು, ನೋಡ್ತಿದ್ದ ಜನ ಹುಡುಗಿ ಸತ್ತೇ ಹೋದ್ಳು ಅಂತ ಬಿಬಿಸಿಗೆ ಫೋನ್ ಮಾಡಿದ್ದೇ ಮಾಡಿದ್ದು. ಆ ಕಥೆಯನ್ನ ಅಣ್ಣ ಗಲ್ಲೆಯಲ್ಲಿ ಕೂತು ಚಿಲ್ಲರೆ ಕೊಡ್ತಾ ಕೊಡ್ತಾ ಹೇಳೋರು. ಸರ್ಕಾರ್ ತೀರಿಕೊಂಡದ್ದು 1971ರಲ್ಲಿ ಜಪಾನಿನಲ್ಲಿ, ಟೂರ್‌ನಲ್ಲಿ ಇರೋವಾಗ್ಲೇ.

ಕೋಟಿನ ಕೆಳಗೆ ಉಂಗುರಗಳು, ರೇಷ್ಮೆ ರುಮಾಲುಗಳು, ಒಂದು ಹಿತ್ತಾಳೆ ಲೋಟಾ. ಲೋಟಾ ಖಾಲಿ ಮಾಡಿ ಪಕ್ಕಕ್ಕಿಟ್ಟು ಬೇರೆ ಆಟ ಮಾಡಿ ಪುನಃ ಎತ್ತಿದ್ರೆ ಮತ್ತೆ ನೀರು, ಇಡೀ ಶೋ ಹಾಗೇ ನಡೀತದೆ, ಸರ್ಕಾರ್ ಶೋನಲ್ಲಿ ಅದಕ್ಕೆ ವಾಟರ್ ಆಫ್ ಇಂಡಿಯಾ ಅಂತ ಹೆಸರು. ಅದ್ರ ಕೆಳಗೆ ಹಳೇ ಪಂಚೆಯಲ್ಲಿ ಸುತ್ತಿಟ್ಟ ಮೂರು ಮರದ ಬಟ್ಟಲು, ಬಟ್ಟೆಯ ಚೆಂಡುಗಳು, ಕವುಚಿದ ಬಟ್ಟಲಿನಡಿಯ ಚೆಂಡು ಮಾಯವಾಗಿ ಇನ್ನೊಂದರಡಿ ಬರೋ ಆಟದ್ದು. ಫಾರಿನ್ ಸೆಟ್ಟಿನ ಕಪ್ ನೋಡಿದವ್ರಿಗೆ ಇದು ವಿಚಿತ್ರ ಕಾಣ್ತದೆ. ಅವ್ರ ಕಪ್ ಲೋಟದ ಹಾಗೆ, ಮೇಜಿನ ಮೇಲಿಟ್ಟು ನಿಂತುಕೊಂಡು ಮಾಡೋದು. ನಮ್ಮದು ಗುಂಡಗೆ, ಚಿಕ್ಕ ಗಂಟೆ ಕವುಚಿ ಹಾಕಿದ ಹಾಗೆ, ತುದಿಯಲ್ಲಿ ಒಂದು ಗುಬುಟು, ಅದನ್ನ ಎರಡು ಬೆರಳಿನ ಸಂದಿಯಲ್ಲಿ ಹಿಡ್ದು ನೆಲದ ಮೇಲೆ ಕೂತೇ ಆಡಬೇಕು. ಅಣ್ಣನ ಬಟ್ಟಲಿನ ಗುಬುಟಿನ ಪಾಲಿಶ್ ಪೂರ್ತಿ ಹೋಗಿ ಮರ ನುಣ್ಣಗಾಗಿತ್ತು.

ಎಲ್ಲಕ್ಕಿಂತ ಅಡಿಯಲ್ಲಿ ಒಂದು ಪುಸ್ತಕ. ಹೋಟೆಲಿನ ಹಳೇ ಬಿಲ್ಲುಗಳ ಖಾಲಿ ಬದಿಯನ್ನ ಮೇಲೆ ಮಾಡಿ ದಾರದಲ್ಲಿ ಹೊಲಿದದ್ದು, ಒಳಗೆಲ್ಲ ಅಣ್ಣನ ಕನ್ನಡ ಅಕ್ಷರ. ಎಲ್ರೂ ಸುತ್ತ ಕೂತು "ಪಢೋ ಪಢೋ" ಅಂದ್ರು. ನಾನು ರಹಸ್ಯ ಇರ್ತದೆ ಅಂತ ಹೆದರ್ತಾ ಹೆದರ್ತಾ ತೆರೆದೆ, ಒಂದೇ ಒಂದು ರಹಸ್ಯ ಬರ್ದಿರ್ಲಿಲ್ಲ. ಪ್ರತಿ ಆಟಕ್ಕೂ ಒಂದು ಪುಟ, ಎಲ್ಲಿ ಮಾಡಿದ್ದು, ಯಾರ ಎದುರು, ಎಲ್ಲಿ ತಪ್ಪಿತು. "ಗಣಪತಿ ಮಂಡಳ. ಮಕ್ಕಳು ಎಡಗಡೆ ಕೂತಿದ್ರು, ಕಂಡಿತು. ಇನ್ನು ಗೋಡೆ ಇರುವ ಕಡೆ ನಿಲ್ಲಬೇಕು." ಹೀಗೇ. ನಮ್ಮ ಮೀಟಿಂಗ್‌ನಲ್ಲೂ ಇದೇ ನಡೆಯೋದು ನೋಡಿ, ಒಬ್ರು ಒಂದು ಐಟಂ ಮಾಡ್ತಾರೆ, ಉಳಿದವ್ರು ಆ್ಯಂಗಲ್ ಸರಿಯಿಲ್ಲ, ಬಲಗೈ ಫ್ಲ್ಯಾಶ್ ಆಯ್ತು ಅಂದ್ರೆ ಅಡಗಿಸಿದ್ದು ಕಂಡಿತು, ಮಾತು ಜಾಸ್ತಿ ಆಯ್ತು ಅಂತ ಮುಖಕ್ಕೇ ಹೇಳ್ತಾರೆ. ಹೊರಗೆ ಯಾರೂ ಹೇಳೋದಿಲ್ಲ, ಚಪ್ಪಾಳೆ ತಟ್ಟಿ ಹೋಗ್ತಾರೆ. ಕ್ಲಬ್ ಅಂತ ಒಂದು ಬೇಕಾಗಿರೋದೇ ಇದಕ್ಕೆ ಅಂತ ನನ್ನ ನಂಬಿಕೆ. ವಾರ್ಷಿಕ ಶೋ, ಆಶ್ರಮದ ಮಕ್ಕಳಿಗೆ ಶೋ, ಲೈಬ್ರರಿ ಎಲ್ಲ ಉಂಟು, ಒಳ್ಳೇದೇ, ಆದ್ರೆ ಅದೆಲ್ಲ ಆಮೇಲಿಂದು.

ಪ್ರತಿ ಪುಟದ ಕೆಳಗೆ ಇನ್ನೊಂದು ಸಾಲು ಇತ್ತು, ಯಾರಿಂದ ಕಲಿತದ್ದು ಅಂತ. ಬಟ್ಟಲು ಚೆಂಡಿನ ಪುಟದಲ್ಲಿ ಬರೆದದ್ದು "ಸ್ಟೇಶನ್ ಹೊರಗಿನ ಉಸ್ತಾದ್. ಚಾ ಮತ್ತು ಇಡ್ಲಿ ಕೊಟ್ಟು ಕಲಿತದ್ದು. ಬಟ್ಟಲೂ ಅವರದ್ದೇ."

ಇಲ್ಲಿ ಹಾಲ್‌ನಲ್ಲಿ ಮಾತು ಶುರುವಾಯ್ತು. ಸದಸ್ಯರು ತೀರಿಕೊಂಡ್ರೆ ಸಾಮಾನು ಕ್ಲಬ್ಬಿನೊಳಗೇ ಹರಾಜು ಹಾಕಿ ದುಡ್ಡು ಮನೆಯವ್ರಿಗೆ ಕೊಡೋದು ನಮ್ಮ ಪದ್ಧತಿ. ಅಕ್ಕ ಮಾತ್ರ ಬಟ್ಟಲು ಉಸ್ತಾದನ ಮನೆಗೇ ಹೋಗ್ಲಿ ಅಂದ್ರು, ಆ ಉಸ್ತಾದ್ ಯಾವತ್ತೋ ತೀರಿಕೊಂಡಿದ್ದಾರೆ, ಆದ್ರೆ ಮೊಮ್ಮಗ ಬರ್ತ್‌ಡೇ ಪಾರ್ಟಿಗಳಲ್ಲಿ ಶೋ ಮಾಡ್ತಾ ಇದ್ದಾನೆ, ಅಣ್ಣನ ದಿನಕ್ಕೂ ಬಂದಿದ್ದ. ಅವನನ್ನೇ ಸದಸ್ಯ ಮಾಡ್ಕೊಳ್ಳಿ ಅಂತ ನಾನಂದೆ. ಒಬ್ಬ ಹಿರಿಯರು ಒಪ್ಪಲಿಲ್ಲ. ರಸ್ತೆಯಲ್ಲಿ ಜಾದೂ ಮಾಡೋವ್ರು ಹತ್ತು ರೂಪಾಯಿಗೆ ಸೀಕ್ರೆಟ್ ಮಾರ್ತಾರೆ, ಅವ್ರು ಬಂದ್ರೆ ಕ್ಲಬ್ಬಿನ ಸ್ಟ್ಯಾಂಡರ್ಡ್ ಏನಾಗ್ತದೆ ಅಂತ.

ನಂಗೆ ಸುಮ್ನೆ ಕೂರ್ಲಿಕ್ಕೆ ಆಗ್ಲಿಲ್ಲ. ಈ ವಿದ್ಯೆ ಯಾರದ್ದು? ಬುಟ್ಟಿಯೊಳಗೆ ಹುಡುಗನ್ನ ಕೂರಿಸಿ ಕತ್ತಿ ಚುಚ್ಚೋದು, ಮಾವಿನ ಗೊರಟು ನೆಟ್ಟು ಕಣ್ಣೆದುರಿಗೇ ಗಿಡ ಮಾಡೋದು, ಇದನ್ನೆಲ್ಲ ಹೊತ್ತು ತಂದವ್ರು ಡಮರು ಬಡೀತಾ "ಬೋಲ್ ಜಮೂರೆ" ಅಂತ ಜೊತೆಗಿರೋ ಹುಡುಗನ್ನ ಕೂಗೋ ಆ ರಸ್ತೆಯ ಮಂದಿ. ಹಗ್ಗ ಹತ್ತಿ ಆಕಾಶಕ್ಕೆ ಹೋಗೋ ಮಾಯಾವಿ ಬೇರೆ, ನೆಲದ ಮೇಲೆ ನಿಂತ ನಿಜವಾದ ಮಾಯಾವಿ ಬೇರೆ ಅಂತ ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲೇ ಉದಾಹರಣೆ ಕೊಡ್ತಾರೆ, ಅಂದ್ರೆ ಕೇಳೋ ಜನಕ್ಕೆ ಆಗ್ಲೇ ಅದು ಗೊತ್ತಿದ್ದ ಮಾತು. 1890ರಲ್ಲಿ ಶಿಕಾಗೋದ ಒಂದು ಪೇಪರು ಹಗ್ಗದ ಜಾದೂ ಬಗ್ಗೆ ಕಟ್ಟುಕತೆ ಬರ್ದು, ಆಮೇಲೆ ಸುಳ್ಳು ಅಂತ ಒಪ್ಕೊಂಡ್ರೂ ಅದು ಲೋಕ ಇಡೀ ಸುತ್ತಿತು. ಕತೆಗೆ ಅಷ್ಟು ಮರ್ಯಾದೆ, ಮನುಷ್ಯರಿಗೆ? ಇಲ್ಲಿ ಮಹಾರಾಷ್ಟ್ರದ 1959ರ ಭಿಕ್ಷಾಟನೆ ತಡೆ ಕಾಯ್ದೆಯಲ್ಲಿ ಹಾಡು, ಕುಣಿತ, ಆಟ ತೋರಿಸಿ ಬೀದಿಯಲ್ಲಿ ಕಾಸು ಕೇಳೋದೂ ಭಿಕ್ಷೆಯ ಲೆಕ್ಕಕ್ಕೇ ಬರ್ತದೆ. ಒಂದೇ ಆಟ, ಟಿಕೆಟ್ ಹರಿದು ನಾವು ಮಾಡಿದ್ರೆ ಕಲೆ, ಫುಟ್‌ಪಾತಲ್ಲಿ ಅವ್ರು ಮಾಡಿದ್ರೆ ಭಿಕ್ಷೆ. ಇದನ್ನೆಲ್ಲ ನಾನು ನನ್ನ ಹರಕು ಹಿಂದಿಯಲ್ಲಿ, ಸ್ವಲ್ಪ ಜೋರಾಗೇ ಹೇಳಿದೆ.

ಅವಾಗ ಪುಣೆಯಿಂದ ಬಂದಿದ್ದ ಒಬ್ಬ ಟೀಚರು ನನ್ನ ಪರ ನಿಂತ್ರು. ಅವ್ರು ಹಳ್ಳಿ ಶಾಲೆಗಳಿಗೆ ಹೋಗಿ ಬಾಬಾಗಳ ಪವಾಡ ಬಯಲು ಮಾಡೋವ್ರು, ನಮ್ಮಲ್ಲಿ ಆರತಿಗೆ ಅರಿಶಿನ ಸುಣ್ಣ ಕದಡಿ ಕೆಂಪು ನೀರು ಮಾಡ್ತೇವಲ್ಲ, ಅದನ್ನೇ ರಕ್ತ ಅಂತ ತೋರಿಸಿ ದುಡ್ಡು ಕೀಳೋವ್ರ ಬಣ್ಣ ಮಕ್ಕಳೆದುರು ತೆಗೀತಾರೆ. ಮೂಢನಂಬಿಕೆ ವಿರುದ್ಧ ಹೋರಾಡ್ತಿದ್ದ ಡಾ. ದಾಭೋಲ್ಕರ್ ಪುಣೆಯಲ್ಲಿ ಕೊಲೆಯಾಗಿ, ಆ 2013ರಲ್ಲೇ ಮಾಟಮಂತ್ರ ವಿರೋಧಿ ಕಾನೂನು ಬಂದ ಮೇಲೂ ಆ ಕೆಲಸ ಮುಗಿದಿಲ್ಲ ಅಂತಾರೆ. ಅವ್ರು ಹೇಳಿದ್ದಿಷ್ಟೇ, "ಕೈಚಳಕ ಅಂತ ಹೇಳಿ ಮಾಡೋವ್ನು ನಮ್ಮವ್ನು, ದೇವ್ರು ಅಂತ ಹೇಳಿ ಮಾಡೋವ್ನು ನಮ್ಮವ್ನಲ್ಲ. ರಸ್ತೆ ಸ್ಟೇಜು ಅಂತ ಏನು ಲೆಕ್ಕ?"

ಅಧ್ಯಕ್ಷರು ಹುಡುಗನಿಗೆ ಫೋನ್ ಮಾಡ್ಲಿಕ್ಕೆ ಹೇಳಿದ್ರು. ಅವ್ನು ಕುರ್ಲಾದಿಂದ ಒಂದು ಗಂಟೆಯೊಳಗೆ ಬಂದ, ಪಾರ್ಟಿಯ ಮಿಂಚೋ ಶರ್ಟಿನಲ್ಲೇ. ಬಟ್ಟಲು ಕೈಗೆ ಕೊಟ್ರೆ ಒಂದು ಕ್ಷಣ ತಿರುಗಿಸಿ ನೋಡಿ, ಮೇಜು ಬೇಡ ಅಂತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನಾವು ಇಷ್ಟು ಜನ ಜಾದೂಗಾರ್ರು ಮೂರೂ ಕಡೆಯಿಂದ ಕಣ್ಣು ನೆಟ್ಟು ಕೂತಿದ್ದೇವೆ, ಹೇಗೆ ಮಾಡ್ತಾರೆ ಅನ್ನೋದೂ ಗೊತ್ತು, ಆದ್ರೂ ಚೆಂಡು ಯಾವಾಗ ಯಾವ ಬಟ್ಟಲಿಗೆ ಹೋಯ್ತು ಅಂತ ಹಿಡೀಲಿಕ್ಕೆ ನನ್ನಿಂದ ಆಗ್ಲಿಲ್ಲ. ಕೈಗಿಂತ ಬಾಯಿ ಜೋರು ಅವಂದು, ನಗಿಸ್ತಾನೇ ಇದ್ದ, ನಕ್ಕಾಗ ಕಣ್ಣು ತಪ್ತದೆ. ಒಪ್ಪದೇ ಇದ್ದ ಆ ಹಿರಿಯರೇ ಮುಗಿದ ಮೇಲೆ ಹತ್ರ ಹೋಗಿ "ಎರಡನೇ ಬಟ್ಟಲು ಎತ್ತೋದು ಇನ್ನೊಂದು ಸಲ ತೋರ್ಸು" ಅಂದ್ರು. ಅವ್ನು ತೋರ್ಸಲಿಲ್ಲ, ಒಂದೇ ಆಟ ಎರಡು ಸಲ ಮಾಡ್ಬಾರ್ದು ಅಂತ ದಾದಾ, ಅಂದ್ರೆ ಅವನ ಅಜ್ಜ, ಹೇಳಿದ್ದಾರೆ ಅಂದ.

ಉಳಿದ ಸಾಮಾನು ಹರಾಜಾಯ್ತು, ಲೋಟಾ ನಾನು ತಗೊಂಡೆ, ಪುಸ್ತಕ ಅಕ್ಕನ ಹತ್ರವೇ ಉಂಟು. ಹುಡುಗ ಈಗ ಸದಸ್ಯ, ಮುಂದಿನ ತಿಂಗಳ ಭಾನುವಾರ ಅವನದ್ದೇ ಪಾಠ, ಬಟ್ಟಲು ಚೆಂಡಿನ ಮೇಲೆ. ಮಕ್ಕಳಿಗೆ ಫೀಸ್ ಇಲ್ಲ, ಹೆಣ್ಣುಮಕ್ಕಳೂ ಬರ್ಲಿ, ನಮ್ಮಲ್ಲಿ ಇನ್ನೂ ಕಮ್ಮಿ. ಮಾಟುಂಗಾ, ಸಾಯನ್, ದಾದರ್ ಕಡೆಯ ನಮ್ಮ ಕನ್ನಡದವ್ರ ಮನೇಲಿ ಇಸ್ಪೀಟ್ ಎಲೆ ತಿರುಗಿಸ್ತಾ ಕೂರೋ ಮಕ್ಕಳಿದ್ರೆ ಬೈಬೇಡಿ, ಕರ್ಕೊಂಡು ಬನ್ನಿ. ಮೆಗಾ ಬ್ಲಾಕ್ ನೋಡ್ಕೊಂಡು ಹೊರಡಿ.